ಗುನುಗಲು ಬಾರದ ವೀರರು

2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಬಿಡುಗಡೆಯಾದ ವಾರವೇ ನಾನು ಅದನ್ನು ನೋಡಿದೆ. ಸೋತು ಒಂಟಿಯಾಗಿ ನಿಂತ ಕ್ಯಾಪ್ಟನ್ ಅಮೆರಿಕದ ಹಿಂದೆ ಒಂದೊಂದಾಗಿ ಬೆಳಕಿನ ಬಾಗಿಲುಗಳು ತೆರೆದುಕೊಳ್ಳುವ ಹೊತ್ತಿಗೆ ಚಿತ್ರಮಂದಿರದಲ್ಲಿ ಎಂತಹ ಶಿಳ್ಳೆ, ಎಂತಹ ಕೂಗಾಟವೆಂದರೆ ಹಿನ್ನೆಲೆ ಸಂಗೀತದ ಒಂದು ಸ್ವರವೂ ನನ್ನ ಕಿವಿಗೆ ಬೀಳಲಿಲ್ಲ. ಆ ದೃಶ್ಯಕ್ಕೆ ಅಲನ್ ಸಿಲ್ವೆಸ್ಟ್ರಿ ‘ಪೋರ್ಟಲ್ಸ್’ ಎಂಬ ಹೆಸರಿನಲ್ಲಿ ಬರೆದ ಮೂರು ನಿಮಿಷ ಚಿಲ್ಲರೆಯ ಸಂಗೀತವನ್ನು ಕೆಲವು ದಿನಗಳ ನಂತರ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅದು ಸಣ್ಣ ದನಿಯಲ್ಲಿ ಹೊರಟು, ಗಾಯನವೃಂದವನ್ನು ಸೇರಿಸಿಕೊಂಡು, 2012ರ ಮೊದಲ ಚಿತ್ರಕ್ಕಾಗಿ ಅವರೇ ಕಟ್ಟಿದ್ದ ಧಾಟಿಯನ್ನು ಕೊನೆಯ ಗಳಿಗೆಯವರೆಗೆ ತಡೆಹಿಡಿದು, ಆಮೇಲೆ ಹಿತ್ತಾಳೆ ವಾದ್ಯಗಳ ಪೂರ್ಣ ಬಲದಲ್ಲಿ ಹೊರಗೆ ಬಿಡುತ್ತದೆ. ಶಿಳ್ಳೆ ಹೊಡೆದವರಿಗೆ ಅದು ಕೇಳಿಸದೆ ಹೋದರೂ ಶಿಳ್ಳೆ ಹೊಡೆಸಿದ್ದು ಅದೇ ಎಂಬುದು ನನ್ನ ಗುಮಾನಿ.

ಇದನ್ನು ಹೇಳಲು ಕಾರಣವಿದೆ. ಇಂದಿನ ಸೂಪರ್‌ಹೀರೊ ಚಿತ್ರಗಳ ಸಂಗೀತ ನೆನಪಿನಲ್ಲಿ ಉಳಿಯುವುದಿಲ್ಲ ಎಂಬ ದೂರು ಅಭಿಮಾನಿಗಳ ನಡುವೆ ಹಳೆಯದು. ‘ಸ್ಟಾರ್ ವಾರ್ಸ್’ ಗುನುಗು ಎಂದರೆ ಯಾರಾದರೂ ಗುನುಗುತ್ತಾರೆ, ‘ಥಾರ್’ ಗುನುಗು ಎಂದರೆ ಅಭಿಮಾನಿಯೂ ತಡವರಿಸುತ್ತಾನೆ. ಒಂದು ಬಣ ಇದಕ್ಕೆ ಸಂಯೋಜಕ ಹಾನ್ಸ್ ಝಿಮ್ಮರ್ ಮತ್ತು ಅವರನ್ನು ಅನುಕರಿಸುವವರನ್ನು ದೂರುತ್ತದೆ. ಇನ್ನೊಂದು ಬಣವು ಗುನುಗುವ ಧಾಟಿಯೇ ಹಳೆಯ ಕಾಲದ ನಿರೀಕ್ಷೆಯೆಂದೂ ಈಗಿನ ಸಂಗೀತವನ್ನು ನಾದದ ಬಣ್ಣದಿಂದ ಅಳೆಯಬೇಕೆಂದೂ ವಾದಿಸುತ್ತದೆ. ನಾನು ಬಹುಕಾಲ ಮೊದಲನೆಯ ಬಣದಲ್ಲಿದ್ದೆ.

ಅಲ್ಲಿರಲು ಕಾರಣ ಜಾನ್ ವಿಲಿಯಮ್ಸ್. ಅವರು ಬರೆದು, 1977ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ‘ಸ್ಟಾರ್ ವಾರ್ಸ್’ ಮುಖ್ಯ ಧಾಟಿಯನ್ನು ನಮ್ಮ ಸ್ವರಗಳಲ್ಲಿ ಬರೆದುಕೊಂಡರೆ ಷಡ್ಜದಲ್ಲಿ ನಿಂತು, ಒಮ್ಮೆಗೇ ಪಂಚಮಕ್ಕೆ ಏರಿ, ಮಗರಿ ಎಂದು ಇಳಿದು ಬರುತ್ತದೆ. ಇನ್ನೇನು ಷಡ್ಜಕ್ಕೆ ಬಂದು ಕೂರುತ್ತದೆ ಎನ್ನುವಷ್ಟರಲ್ಲಿ ತಾರಷಡ್ಜಕ್ಕೆ ಹಾರುತ್ತದೆ. ಎಲ್ಲವೂ ಶಂಕರಾಭರಣದ ಸ್ವರಗಳೇ. ಒಮ್ಮೆ ಕೇಳಿದವರ ಬಾಯಲ್ಲಿ ಅದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಪಾತ್ರಕ್ಕೊಂದು ಧಾಟಿಯನ್ನು ಕೊಟ್ಟು ಸಂದರ್ಭಕ್ಕೆ ತಕ್ಕಂತೆ ಅದನ್ನು ಮಾರ್ಪಡಿಸುವ ಈ ಪದ್ಧತಿ ಜರ್ಮನ್ ಸಂಯೋಜಕ ವ್ಯಾಗ್ನರ್ ಅವರ ಸಂಗೀತನಾಟಕಗಳಿಂದಲೂ ಅವರ ನಂತರದ ಸಂಯೋಜಕ ರಿಚರ್ಡ್ ಸ್ಟ್ರಾಸ್ ಕಾಲದ ವಿಯೆನ್ನಾ, ಮ್ಯೂನಿಕ್‌ಗಳಿಂದಲೂ ಹಾಲಿವುಡ್‌ಗೆ ಬಂದದ್ದು. (ಇಲ್ಲಿ ಮೈಸೂರಿನವರು ಒಂದು ನಿಮಿಷ ಹೆಮ್ಮೆಪಡಬಹುದು: ಅದೇ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗ ಆ ಕಛೇರಿಗೆ ಹಣದ ಆಸರೆಯಾಗಿ ನಿಂತವರು ಜಯಚಾಮರಾಜೇಂದ್ರ ಒಡೆಯರ್.)

ನನ್ನ ಪಕ್ಷ ಸಡಿಲವಾದದ್ದು ‘ದಿ ಡಾರ್ಕ್ ನೈಟ್’ ಚಿತ್ರವನ್ನು ಮತ್ತೆ ಮತ್ತೆ ನೋಡಿದಾಗ. 2008ರ ಆ ಚಿತ್ರದಲ್ಲಿ ಝಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೊವರ್ಡ್ ಬ್ಯಾಟ್‌ಮ್ಯಾನ್‌ಗೆ ಕೊಟ್ಟದ್ದು ಎರಡೇ ಸ್ವರ. ಅವನ ಎದುರಾಳಿ ಜೋಕರ್‌ಗೆ ಕೊಟ್ಟದ್ದು ಚೆಲ್ಲೊ ವಾದ್ಯದ ಒಂದೇ ಸ್ವರ. ಅದು ನಿಧಾನವಾಗಿ ಬಿಗಿಯುತ್ತ, ಕರ್ಕಶವಾಗುತ್ತ ಹೋಗುತ್ತದೆ. ಗುನುಗಲು ಅಲ್ಲಿ ಏನೂ ಇಲ್ಲ, ಆದರೆ ಆ ಸ್ವರ ಹೊರಟೊಡನೆ ಯಾರು ಬರುತ್ತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತದೆ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕಾಗಿ ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್ ಬಳಸಿದ ಝಿಮ್ಮರ್ ಕೆಲವೇ ಸ್ವರಗಳನ್ನು ಸುತ್ತಿಸುತ್ತಲೇ ತಂದೆ ಮಗಳ ಅಗಲಿಕೆಯನ್ನು ಹೇಳಿಬಿಟ್ಟರು. ಹಾಗಾದರೆ ತೊಂದರೆ ಧಾಟಿ ಇಲ್ಲದ್ದರಲ್ಲಿ ಇರಲಾರದು.

ನನಗೆ ಈಗ ಅನ್ನಿಸುವುದು ಇಷ್ಟು: ತೊಂದರೆ ಇರುವುದು ಸಂಯೋಜಕರನ್ನು ಬದಲಿಸುವುದರಲ್ಲಿ. ‘ಐರನ್ ಮ್ಯಾನ್’ ಹೆಸರಿನ ಮೂರು ಚಿತ್ರಗಳನ್ನು ತೆಗೆದುಕೊಳ್ಳಿ. 2008ರಲ್ಲಿ ರಮೀನ್ ಜವಾದಿ, 2010ರಲ್ಲಿ ಜಾನ್ ಡೆಬ್ನಿ, 2013ರಲ್ಲಿ ಬ್ರಯನ್ ಟೈಲರ್. ಥಾರ್‌ನದೂ ಅದೇ ಕಥೆ. ಪ್ಯಾಟ್ರಿಕ್ ಡಾಯ್ಲ್ 2011ರಲ್ಲಿ ಕೊಟ್ಟ ಸೊಗಸಾದ ಧಾಟಿಯನ್ನು 2013ರಲ್ಲಿ ಬಂದ ಟೈಲರ್ ಬದಿಗಿಟ್ಟರು, 2017ರಲ್ಲಿ ಮಾರ್ಕ್ ಮದರ್ಸ್‌ಬಾ ಬಂದು ಎಲೆಕ್ಟ್ರಾನಿಕ್ ನಾದಗಳ ಬೇರೆಯದೇ ಲೋಕವನ್ನು ತೆರೆದರು. ಬಿಡಿಬಿಡಿಯಾಗಿ ನೋಡಿದರೆ ಇವರಲ್ಲಿ ಯಾರೂ ಕಳಪೆಯಲ್ಲ. ಆದರೆ ಕಛೇರಿಯಲ್ಲಿ ಪಲ್ಲವಿ ಮನಸ್ಸಿನಲ್ಲಿ ನಿಂತ ಮೇಲೆ ತಾನೇ ಸಂಗತಿಗಳ ರುಚಿ ಹತ್ತುವುದು? ಪ್ರತಿ ಸಾಲಿಗೂ ಹೊಸ ಪಲ್ಲವಿಯನ್ನೇ ಎತ್ತಿಕೊಂಡರೆ ಕೇಳುಗ ಯಾವುದನ್ನು ತಾನೇ ಹಿಡಿದುಕೊಂಡಾನು? ‘ಸ್ಟಾರ್ ವಾರ್ಸ್’ ಸರಣಿಯ ಒಂಬತ್ತು ಮುಖ್ಯ ಚಿತ್ರಗಳಿಗೆ 1977ರಿಂದ 2019ರವರೆಗೆ ಒಬ್ಬರೇ ಸಂಯೋಜಕರಿದ್ದರು ಎಂಬುದನ್ನು ವಿಲಿಯಮ್ಸ್ ಅವರ ಪ್ರತಿಭೆಯನ್ನು ಹೊಗಳುವಾಗ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಬ್ಲ್ಯಾಕ್ ಪ್ಯಾಂಥರ್’ ಸಂಗೀತ ಮಾರ್ವೆಲ್ ಸಂಸ್ಥೆಯ ಸೂಪರ್‌ಹೀರೊ ಚಿತ್ರಗಳ ನಡುವೆ ಬೇರೆಯಾಗಿ ಕೇಳಿಸುವುದಕ್ಕೆ ಲುಡ್ವಿಗ್ ಯೊರಾನ್ಸನ್ ಸೆನೆಗಲ್‌ಗೆ ಹೋಗಿ ಗಾಯಕ ಬಾಬಾ ಮಾಲ್ ಅವರ ಜೊತೆ ಓಡಾಡಿ ಅಲ್ಲಿನ ‘ಮಾತನಾಡುವ ಮದ್ದಳೆ’ಯನ್ನು (ಟಾಕಿಂಗ್ ಡ್ರಮ್) ವಾದ್ಯವೃಂದದ ಎದುರಿಗೆ ತಂದು ಕೂರಿಸಿದ್ದು ಒಂದು ಕಾರಣವಾದರೆ, 2022ರ ಎರಡನೆಯ ಚಿತ್ರಕ್ಕೂ ಅವರನ್ನೇ ಕರೆದದ್ದು ಇನ್ನೊಂದು ಕಾರಣ.

ಚಿತ್ರದೊಳಗೂ ಸಂಗೀತಕ್ಕೆ ಬಿಡುವು ಬೇಕು. 1979ರ ಮೊದಲ ‘ಸ್ಟಾರ್ ಟ್ರೆಕ್’ ಚಿತ್ರಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಮೊದಲು ಬರೆದುಕೊಟ್ಟದ್ದರಲ್ಲಿ ಗಟ್ಟಿ ಧಾಟಿಯೇ ಇಲ್ಲವೆಂದು ನಿರ್ದೇಶಕ ರಾಬರ್ಟ್ ವೈಸ್ ಹಿಂದಿರುಗಿಸಿದರು. ಗೋಲ್ಡ್‌ಸ್ಮಿತ್ ಮತ್ತೆ ಕುಳಿತು ಬರೆದರು. ಬಾಹ್ಯಾಕಾಶ ಹಡಗನ್ನು ಸುತ್ತುಹಾಕುತ್ತ ಕ್ಯಾಮೆರಾ ತೇಲುವ ದೀರ್ಘ ದೃಶ್ಯದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಸಂಗೀತ. ಚಿತ್ರ ಆಮೆಗತಿಯದು ಎಂದು ಬೈದವರು ಬಹಳ, ಮತ್ತು ಅವರು ಹೇಳಿದ್ದು ಸುಳ್ಳೂ ಅಲ್ಲ, ಆದರೂ ಆ ಧಾಟಿ 1987ರಲ್ಲಿ ‘ಸ್ಟಾರ್ ಟ್ರೆಕ್’ನ ಟಿವಿ ಸರಣಿಯೊಂದರ ಶೀರ್ಷಿಕೆ ಸಂಗೀತವಾಗಿ ಎರಡನೆಯ ಜನ್ಮ ಪಡೆಯಿತು. ಇಂದಿನ ಸಂಕಲನದಲ್ಲಿ ಅಂತಹ ಜಾಗವೇ ಇರುವುದಿಲ್ಲ. ಸಂಕಲನದ ಹಂತದಲ್ಲಿ ಬೇರೆ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿಕೊಂಡು, ಅದಕ್ಕೇ ಕಿವಿ ಒಗ್ಗಿದ ನಿರ್ದೇಶಕರು ಸಂಯೋಜಕರಿಂದಲೂ ಅದರ ನೆರಳನ್ನೇ ಕೇಳುತ್ತಾರೆ.

ಈ ಎಲ್ಲ ಜಗಳವೂ ಒಂದೇ ಕಡೆ ಸೇರಿದ್ದು ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಮುಂತಾದವರು ಒಟ್ಟಾಗುವ ‘ಜಸ್ಟಿಸ್ ಲೀಗ್’ ಚಿತ್ರದಲ್ಲಿ. ನಿರ್ದೇಶಕರು ಬದಲಾದಾಗ ಜಂಕೀ ಎಕ್ಸ್‌ಎಲ್ ಎಂದು ಹೆಸರಾದ ಟಾಮ್ ಹಾಲ್ಕನ್‌ಬೋರ್ಗ್ ಅವರ ಜಾಗಕ್ಕೆ ಡ್ಯಾನಿ ಎಲ್ಫ್‌ಮನ್ ಬಂದರು. 2017ರಲ್ಲಿ ತೆರೆಕಂಡ ಚಿತ್ರದಲ್ಲಿ ಎಲ್ಫ್‌ಮನ್ 1989ರ ತಮ್ಮದೇ ಬ್ಯಾಟ್‌ಮ್ಯಾನ್ ಧಾಟಿಯನ್ನೂ ವಿಲಿಯಮ್ಸ್ 1978ರಲ್ಲಿ ಬರೆದ ಸೂಪರ್‌ಮ್ಯಾನ್ ಧಾಟಿಯನ್ನೂ ಹೊರತೆಗೆದರು. ಹಳಬರು ಸಂತೋಷಪಟ್ಟರು, ಝಿಮ್ಮರ್ ಪಕ್ಷದವರು ಕೆರಳಿದರು. 2021ರಲ್ಲಿ ಮೊದಲ ನಿರ್ದೇಶಕ ಝ್ಯಾಕ್ ಸ್ನೈಡರ್ ಅವರ ನಾಲ್ಕು ಗಂಟೆಯ ಆವೃತ್ತಿ ಬಂದಾಗ ಹಾಲ್ಕನ್‌ಬೋರ್ಗ್ ಮರಳಿ ಬಂದು ಹೊಸದಾಗಿ ಸಂಗೀತ ಬರೆದರು. ನಾನು ವಿಲಿಯಮ್ಸ್ ಪಕ್ಷದವನಾದರೂ ನನ್ನ ತೀರ್ಪು ಹಾಲ್ಕನ್‌ಬೋರ್ಗ್ ಕಡೆಗೇ. ಇದೇ ಸರಣಿಯ 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಝಿಮ್ಮರ್ ಈ ಸೂಪರ್‌ಮ್ಯಾನ್‌ಗೆ ಪಿಯಾನೊದಲ್ಲಿ ಮೆಲ್ಲನೆ ಮೊದಲಾಗುವ ಬೇರೆಯೇ ಗುರುತನ್ನು ಕೊಟ್ಟಿದ್ದರು, ಆ ಮನೆಯಲ್ಲಿ 1978ರ ಧಾಟಿ ಅತಿಥಿಯಾಗಿತ್ತೇ ಹೊರತು ಮನೆಯವನಾಗಿರಲಿಲ್ಲ. 2025ರಲ್ಲಿ ಹೊಸ ಸೂಪರ್‌ಮ್ಯಾನ್ ಬಂದಾಗ ಅದೇ ಹಳೆಯ ಧಾಟಿ ಒಪ್ಪಿತು, ಏಕೆಂದರೆ ಅಲ್ಲಿ ಮೊದಲಿನಿಂದಲೂ ಅದೇ ಇತ್ತು.

ಆದರೂ 2017ರ ಚಿತ್ರದಲ್ಲಿ ಸತ್ತು ಎದ್ದ ಸೂಪರ್‌ಮ್ಯಾನ್ ತನ್ನವರ ಮೇಲೆಯೇ ಕೈ ಮಾಡುವಾಗ ವಿಲಿಯಮ್ಸ್ ಧಾಟಿ ಕಪ್ಪಿಟ್ಟು, ತಿರುಚಿಕೊಂಡು ಬರುವ ಕೆಲವು ಕ್ಷಣಗಳಿವೆ. ತೀರ್ಪು ಏನೇ ಇರಲಿ, ಅಲ್ಲಿ ನನ್ನ ಮೈ ಜುಮ್ಮೆಂದಿತು.