ಅರ್ಧ ತಾಸಿನಲ್ಲಿ ಕಪ್ಪಾದರೆ ಅದು ಬರೀ ಮೆಹಂದಿ ಅಲ್ಲ

ಡೈ ಹಚ್ಚಿದ ಒಂದೆರಡು ದಿನಕ್ಕೆ ಕಿವಿ ಹಿಂದೆ, ಹಣೆಯಂಚಿನಲ್ಲಿ ತುರಿಕೆ ಎದ್ದು ಕಣ್ಣರೆಪ್ಪೆ ಬಾತರೆ, ಮೊದಲು ಅನುಮಾನಿಸಬೇಕಾದದ್ದು ಪಿಪಿಡಿಯನ್ನು, ಅಂದರೆ ಡೈನಲ್ಲಿ ಕಪ್ಪು ಬಣ್ಣ ಕೊಡುವ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕವನ್ನು. ಆಮೇಲೆ ಬಹಳ ಜನ ಡೈ ಬಿಟ್ಟು ‘ಕಪ್ಪು ಮೆಹಂದಿ’ ಪಾಕೀಟು ತರುತ್ತಾರೆ. ತಪ್ಪಾಗುವುದು ಇಲ್ಲೇ. ಮದರಂಗಿ ಎಲೆ ಕೊಡುವುದು ಕೆಂಪು-ಕಿತ್ತಳೆ ಬಣ್ಣ ಮಾತ್ರ. ಬರೀ ನೀರು ಕಲಸಿ ಅರ್ಧ ತಾಸಿಗೆ ಕಪ್ಪಾಗಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಪಿಪಿಡಿಯೇ ಇರುತ್ತದೆ. ಮದುವೆ ಮನೆಯ ಕಪ್ಪು ಕೋನ್‌ನಲ್ಲೂ ಅಷ್ಟೇ. ‘ಅಮೋನಿಯಾ ಇಲ್ಲ’ ಎಂಬ ದಪ್ಪಕ್ಷರಕ್ಕೂ ಈ ಅಲರ್ಜಿಗೂ ಸಂಬಂಧವಿಲ್ಲ.

ಪಿಪಿಡಿ ಬದಲು ಪಿಟಿಡಿ ಎಂಬ ಇನ್ನೊಂದು ರಾಸಾಯನಿಕ ಹಾಕಿದ ಡೈಗಳೂ ಸಿಗುತ್ತವೆ. ಎರಡರ ರಚನೆ ಹತ್ತಿರದ್ದು, ಹಾಗಾಗಿ ಹಲವರಿಗೆ ಅದೂ ಆಗಿಬರುವುದಿಲ್ಲ. ಚರ್ಮವೈದ್ಯರ ಪ್ಯಾಚ್ ಟೆಸ್ಟ್ ಆಗದೆ ಅದರ ಗೊಡವೆ ಬೇಡ. ಅನುಮಾನದ ರಾಸಾಯನಿಕ ಇರುವ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ತಾಸಿಗೆ ತೆಗೆದು, 96 ತಾಸಿಗೆ ಮತ್ತೊಮ್ಮೆ ನೋಡುತ್ತಾರೆ. ವಿಜಯಪುರದ ಏಪ್ರಿಲ್-ಮೇ ಬೆವರಿಗೆ ಪಟ್ಟಿ ಕಿತ್ತು ಬರುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿಸುವುದು ಲೇಸು.

ಕಪ್ಪೇ ಬೇಕೆಂದರೆ ಮೆಹಂದಿ ಮೇಲೆ ಇಂಡಿಗೋ, ಅಂದರೆ ನೀಲಿ ಗಿಡದ ಎಲೆಪುಡಿ. ಭುಜದವರೆಗಿನ ಕೂದಲಿಗೆ ತಲಾ 100 ಗ್ರಾಂ. ಎರಡನ್ನೂ ಬೇರೆಬೇರೆ ಮೊಳಕೈ ಒಳಮೈಗೆ ಹಚ್ಚಿ ನಾಲ್ಕು ದಿನ ನೋಡಿ. ತುರಿಸಿದರೆ ಯಾವುದರಿಂದ ಎಂದು ಗೊತ್ತಾಗುತ್ತದೆ. ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಮೆಹಂದಿಯೇ ಬೇಡ, ರಕ್ತಕಣ ಒಡೆಯುವ ಅಪಾಯವಿದೆ.

ಮೆಹಂದಿಯನ್ನು ನೀರು, ಸ್ವಲ್ಪ ನಿಂಬೆರಸದಲ್ಲಿ ಮೊಸರಿನ ಹದಕ್ಕೆ ಕಲಸಿ ರಾತ್ರಿಯಿಡೀ ಇಡಿ. ಬೇಸಿಗೆಯಲ್ಲಿ ನಾಲ್ಕು ತಾಸು ಸಾಕು. ಹಚ್ಚಿ ಎರಡು-ಮೂರು ತಾಸು ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ಇಂಡಿಗೋದ್ದು ಉಲ್ಟಾ ಲೆಕ್ಕ: ನಿಂಬೆ ಬೇಡ, ತಾಸುಗಟ್ಟಲೆ ನೆನೆಯಿಡುವುದೂ ಬೇಡ. ಉಗುರುಬೆಚ್ಚಗಿನ ನೀರು, ಒಂದು ಚಮಚ ಉಪ್ಪು ಹಾಕಿ ಕಲಸಿ 10-15 ನಿಮಿಷ ಬಿಟ್ಟರೆ ಸಾಕು. ತಡಮಾಡಿದರೆ ಅದರ ಸತ್ವ ಹೋಗುತ್ತದೆ. ‘ಬಣ್ಣ ಹತ್ತಲಿಲ್ಲ’ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಬೇಗ ಹಚ್ಚಿ, ಒದ್ದೆಯಿರುವಂತೆ ಪ್ಲಾಸ್ಟಿಕ್ ಕವರ್ ಸುತ್ತಿ ಒಂದರಿಂದ ಎರಡು ತಾಸು ಬಿಡಿ.

ತೊಳೆದಾಗ ಹಸಿರು ಛಾಯೆ ಕಂಡರೆ ಗಾಬರಿ ಬೇಡ. ಇಳಕಲ್ಲಿನ ನೇಕಾರರನ್ನು ಕೇಳಿ: ನೀಲಿ ತೊಟ್ಟಿಯಿಂದ ನೂಲು ಹಸಿರಾಗೇ ಹೊರಬರುತ್ತದೆ, ಗಾಳಿ ತಾಗಿದ ಮೇಲೆ ನೀಲಿ. ಕೂದಲೂ ಒಂದೆರಡು ದಿನಕ್ಕೆ ಗಾಢವಾಗುತ್ತದೆ. ಅಲ್ಲಿಯವರೆಗೆ ಶಾಂಪೂ ಮುಟ್ಟಬೇಡಿ. ಮೀಸೆಗೂ ಇದನ್ನೇ ಹಚ್ಚಿ, ಕಟಿಂಗ್ ಅಂಗಡಿಯ ಡೈ ಅಲ್ಲ.