ಹಗರ್ಯಾಗ ಒರತಿ ತೆಗದ್ರ ನೀರು ಬರ್ತಿತ್ತು

ಹೋದ ತಿಂಗಳು ಅವ್ವನ ತವರಿಗೆ ಹೋಗಿದ್ದೆ, ಸಿರುಗುಪ್ಪ ತಾಲೂಕು, ಹಗರಿ ಹೊಳಿ ದಂಡಿ ಮ್ಯಾಲಿನ ಊರು. ಸಂಜೀಕ ಮಾವ "ಬಾ, ಹೊಳಿ ಕಡೆ ಹೋಗಿ ಬರಾಣು" ಅಂದ. ಹೊಳಿ ಅಂದ್ರ ಈಗ ಏನೈತಿ, ಬಳ್ಳಾರಿ ಜಾಲಿ, ಅದರ ನಡಕ ಟ್ರ್ಯಾಕ್ಟರ್ ಹಾದಿ, ಉಸುಕು ತಗದು ತಗದು ಬಿದ್ದ ಗುಂಡಿಗಳು ಅಷ್ಟ. ನಾನು ಎಂಟು ಹತ್ತು ವರ್ಷದವ ಇದ್ದಾಗ ಬ್ಯಾಸಿಗಿ ರಜಾದಾಗ ಅಜ್ಜಿ ಹಿಂದ ಇಲ್ಲೇ ಒರತಿ ತೆಗಿಯಾಕ ಬರ್ತಿದ್ದೆ. ಉಸುಕಿನಾಗ ಮೊಣಕೈ ಮಟ ಬಗದ್ರ ಸಾಕು, ಮೊದಲು ಉಸುಕು ತಣ್ಣಗ ಹತ್ತೋದು, ಆಮ್ಯಾಲೆ ರಾಡಿ ನೀರು, ಅದನ್ನ ತಂಬಿಗಿಲೆ ಎರಡ್ಮೂರು ಸಲ ತೋಡಿ ಚೆಲ್ಲಿದ್ರ ತಿಳಿನೀರು ಜಿನುಗ್ತಿತ್ತು, ಅಜ್ಜಿ ಕೊಡದ ಬಾಯಿಗೆ ಅರಬಿ ಕಟ್ಟಿ ಸೋಸಿ ತುಂಬೋಳು. ಮೊನ್ನೆ ಅದೇ ಜಾಗದಾಗ ಮಾವ ಚಪ್ಪಲಿ ತುದೀಲೆ ಕೆದರಿ ತೋರಿಸ್ದ. ಒಂದು ಗೇಣು ಉಸುಕು, ಕೆಳಗ ಗಟ್ಟಿ ಜೇಡಿ.

"ಮಳಿ ಹೋತಲ್ಲೋ ಅಳಿಯಾ, ಹೊಳಿನೂ ಹೋತು" ಅಂದ.

ನಾನು ಸಿವಿಲ್ ಓದಿದವ, ಹೈಡ್ರಾಲಜಿ ಪೇಪರ್ ಎರಡನೇ ಸಲಕ್ಕ ಪಾಸ್ ಮಾಡಿದವ ಅನ್ನೋದು ಬ್ಯಾರೆ ಮಾತು, ಆದ್ರೂ ಇದು ಬರೇ ಮಳಿ ಕಥಿ ಅಲ್ಲ ಅಂತ ಅವತ್ತಿಂದ ತಲ್ಯಾಗ ಕೊರೀತಾನ ಐತಿ. ಯಾಕಂದ್ರ ಈ ಹಗರಿ ಹೋಗಿ ಕೂಡೋದು ತುಂಗಭದ್ರಾಕ್ಕ, ಎರಡೂ ಹುಟ್ಟೋದು ಚಿಕ್ಕಮಗಳೂರು ಗುಡ್ಡದಾಗ, ಆದ್ರ ಎರಡರ ಗುಣ ಬ್ಯಾರೆ. ತುಂಗಾ, ಭದ್ರಾ ಮಲೆನಾಡಿನ ನೀರು ಉಂಡು ಬರ್ತಾವ, ಅಲ್ಲಿ ಆಗುಂಬ್ಯಾಗ ವರ್ಷಕ್ಕ 7000 ಮಿಲಿಮೀಟರ್ ಮ್ಯಾಲೆ ಬೀಳ್ತತಿ, ಬಿಸಿಲು ಗಿಡ ಮರ ಎಲ್ಲಾ ಎಷ್ಟು ಕುಡುದ್ರೂ ಉಳಿದಿದ್ದು ಹೊಳಿಗೆ ಹರಿತತಿ. ವೇದಾವತಿ, ಅಂದ್ರ ನಮ್ಮ ಹಗರಿ, ಬಾಬಾಬುಡನ್ ಗುಡ್ಡ ಇಳದು ಕಡೂರು ದಾಟಿದ ಮ್ಯಾಲೆ ಪೂರ್ತಿ ಬಯಲುಸೀಮಿ, ಐದಾರು ನೂರು ಮಿಲಿಮೀಟರ್ ಮಳಿ. ಇಲ್ಲಿ ಮೊದಲ ಪಾಲು ಬಿಸಿಲಿಂದು, ಆಮ್ಯಾಲೆ ಎರಿ ಹೊಲದ್ದು, ಹೊಳಿಗೆ ಬರೋದು ತಳಕ್ಕ ಉಳಿದಿದ್ದು. ಸಂಬಳದಾಗ ರೇಷನ್ನು, ಬಾಡಿಗಿ, ಹುಡುಗರ ಫೀಸು ಹೋಗಿ ಉಳಿದಿದ್ದು ಚೀಟಿಗೆ ಹಾಕ್ತೀವಲ್ಲ ಹಂಗ. ಸಂಬಳ ಸ್ವಲ್ಪ ಕಟ್ ಆದ್ರ ರೇಷನ್ ಕಮ್ಮಿ ಆಗಂಗಿಲ್ಲ, ಚೀಟಿ ನಿಲ್ತತಿ. ಅದಕ್ಕ ಒಣ ಸೀಮ್ಯಾಗ ಮಳಿ 10 ಪರ್ಸೆಂಟ್ ಕಮ್ಮಿ ಆದ್ರ ಹೊಳಿ ನೀರು 20, 30 ಪರ್ಸೆಂಟ್ ತನಕಾನೂ ಇಳಿತತಿ. ಮಲೆನಾಡಿನಾಗ ಅಷ್ಟು ಹೊಡತ ಬೀಳಂಗಿಲ್ಲ.

ಅದರ ಮ್ಯಾಲೆ ನಾವು ಮಾಡಿದ್ದು. 1907ರಾಗ ಹಗರಿಗೆ ಅಡ್ಡ ಹಿರಿಯೂರು ಹತ್ರ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಮ್ ಆತು, ಆಮ್ಯಾಲೆ ಆಂಧ್ರದ ಕಡೆ ಭೈರವಾನಿತಿಪ್ಪ, ನಡಕ ಕೆರಿಗೋಳು, ಚೆಕ್ ಡ್ಯಾಂಗೋಳು. ಆದ್ರ ಒರತಿ ಕೊಂದಿದ್ದು ಬೋರು ಅಂತ ನನ್ನ ಅನಿಸಿಕಿ. ಒರತಿ ನೀರು ಹರಿಯೋ ನೀರಲ್ಲ, ದಂಡಿ ಹೊಲದ ನೆಲದಾಗಿಂದ ನಿಧಾನಕ್ಕ ಬಸದು ಉಸುಕಿನಾಗ ನಿಂತಿದ್ದು. ದಂಡಿ ಮ್ಯಾಲೆ ಸಾಲಕ ಬೋರು ಹಾಕಿ ಆ ನೀರನ್ನ ಮೊದಲ ಎತ್ತಿಬಿಟ್ರ ಹೊಳಿಗೆ ಬಸಿಯಾಕ ಏನೈತಿ? ಆ ನೀರು ಇಟ್ಕೊಳ್ಳಾಕ ಇದ್ದ ಉಸುಕೂ ಖಾಲಿ. ಇನ್ನ ಜಾಲಿ, ಅದರ ಬೇರು ಎಷ್ಟು ಆಳ ಹೋಗ್ತಾವ ಅಂತ ಬಾಂವಿ ತೋಡಿದವರನ್ನ ಕೇಳ್ರಿ. ದಕ್ಷಿಣ ಆಫ್ರಿಕಾದಾಗ ಹೊರಗಿಂದ ಬಂದ ಇಂಥಾ ಗಿಡ ಹೊಳಿ ನೀರು ಕುಡಿತಾವ ಅಂತ 1995ರಿಂದ ಸರ್ಕಾರದ ದುಡ್ಡಿನಾಗ ಕೂಲಿ ಕೊಟ್ಟು ಕಡಿಸ್ತಾರ, ನಮ್ಮಲ್ಲಿ ಅದಕ್ಕ ಊರ ಹೆಸರು ಇಟ್ಟು ಕುಂತೀವಿ.

ಮಳಿ ವಾಪಸ್ ಬಂದ್ರ ಹೊಳಿನೂ ಬರ್ತತಿ ಅಂತ ಮಾವನ ನಂಬಿಕಿ. ಆಸ್ಟ್ರೇಲಿಯಾದ ವಿಕ್ಟೋರಿಯಾದಾಗ 1997ರಿಂದ 2009ರ ತನಕ ದೊಡ್ಡ ಬರ ಬಿತ್ತು, ಆಮ್ಯಾಲೆ ಮಳಿ ಬಂತು, ಆದ್ರ ಕೆಲವು ಹೊಳಿ ಎಷ್ಟೋ ವರ್ಷ ಹಳೇ ಲೆಕ್ಕಕ್ಕ ಬರ್ಲೇ ಇಲ್ಲ, ಅಷ್ಟೇ ಮಳಿಗೆ ಕಮ್ಮಿ ನೀರು. ಇದನ್ನ ಹೇಳಿದ್ರ ಮಾವ "ಅದು ಆಸ್ಟ್ರೇಲಿಯಾ" ಅಂದ. ಸರಿ.

ಆದ್ರ 2022 ತಗದು ಕುಂತ ನೋಡ್ರಿ, ಅಲ್ಲಿ ನಾನು ಸ್ವಲ್ಪ ಸೋತೆ. ಆ ವರ್ಷ ಮಾರಿಕಣಿವೆ 1933 ಆದ್ಮ್ಯಾಲೆ ಮೊದಲನೇ ಸಲ ಕೋಡಿ ಬಿತ್ತು, 89 ವರ್ಷ! ಹಗರಿ ಎಷ್ಟು ಜೋರು ಬಂತಂದ್ರ ಬಳ್ಳಾರಿ ಪಿ.ಡಿ. ಹಳ್ಳಿ ಹತ್ರ ಹೊಳಿ ಮ್ಯಾಲೆ ಹಾಯ್ದು ಹೋಗೋ ತುಂಗಭದ್ರಾ ಡ್ಯಾಮಿನ ಎಲ್ಎಲ್‌ಸಿ (ಕೆಳಮಟ್ಟದ) ಕೆನಾಲಿನ ಕಂಬನ ಕುಸಿದು ಕೆನಾಲಿನ ನೀರು ಬಂದ್ ಆಗಿತ್ತು, ಬೆಳಿ ನಿಂತ ಟೈಮಿನಾಗ. "ಅದು ಮಳಿ ಅಲ್ಲೇನು?" ಅಂದ. ಮಳಿನ. ಆದ್ರ ಅಷ್ಟೊತ್ತಿಗೆ ಭದ್ರಾ ನೀರನ್ನ ಅಜ್ಜಂಪುರ ಕಡಿಂದ ಮಾರಿಕಣಿವೆಗೆ ಬಿಡಾಕತ್ತಿದ್ರು, ಡ್ಯಾಮ್ ಮಳಿಗಿಂತ ಮೊದಲೇ ಸಾಕಷ್ಟು ತುಂಬಿ ಕುಂತಿತ್ತು. ಅಂದ್ರ ಅವತ್ತು ಹಗರ್ಯಾಗ ಹರಿದಿದ್ದರಾಗ ಭದ್ರಾದ ಪಾಲೂ ಇತ್ತು, ಬರೇ ಹಗರಿದಲ್ಲ. ಅದಕ್ಕ ಹೊಳಿ ಲೆಕ್ಕ ಬರಿಯೋರಿಗೆ ತಲಿನೋವು, ಹೊಳಿ ನೀರು ಅಳಿಯೋ ಗೇಜ್ ತೋರಿಸೋ ನಂಬರಿಗೆ ಡ್ಯಾಮ್ ಹಿಡಿದಿದ್ದು, ಕೆನಾಲಿಗೆ ಹೋಗಿದ್ದು ಕೂಡಸಬೇಕು, ಬ್ಯಾರೆ ಕಡಿಂದ ತಂದು ಹಾಕಿದ್ದು ಕಳಿಯಬೇಕು, ಆಗ ಗೊತ್ತಾಗ್ತತಿ ಹೊಳಿಗೇ ಎಷ್ಟು ಬಂತು ಅಂತ.

ತುಂಗಭದ್ರಾದ್ದು ಇನ್ನೊಂದು ದೊಡ್ಡ ಪೋಸ್ಟ್ ಆಗ್ತತಿ, ಇಷ್ಟು ಹೇಳಿ ಬಿಡ್ತೀನಿ: 1953ರಾಗ ಡ್ಯಾಮ್ ಆದಾಗ ಸುಮಾರು 133 ಟಿಎಂಸಿ ಹಿಡಿತಿತ್ತು, ಹೂಳು ತುಂಬಿ ಈಗ ಸುಮಾರು 105. 2024ರ ಆಗಸ್ಟ್‌ನಾಗ 19ನೇ ಗೇಟು ಕೊಚ್ಚಿ ಹೋಗಿ ತುಂಬಿದ ನೀರು ಹೊಳಿಗೆ ಬಿಟ್ರೂ ಮತ್ತ ತುಂಬ್ತು. ಮಲೆನಾಡಿನ ಹೊಳಿಗೆ ಆ ತಾಕತ್ತೈತಿ. ಹಗರಿಗೆ ಎಲ್ಲಿಂದ ಬರಬೇಕು?

ವಾಪಸ್ ಬರೋವಾಗ ಮಾವ ಕೇಳ್ದ, "ಹಂಗಾದ್ರ ಜಾಲಿ ಕಡುದ್ರ ಒರತಿ ಬರ್ತತೇನು?" ಅದೊಂದ ಸಾಲಂಗಿಲ್ಲ, ಉಸುಕು ಮೊದಲು ಬರಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನ ನಡದ. ಆಮ್ಯಾಲೆ, "ಉಸುಕು ಹೊಡದ ಟ್ರ್ಯಾಕ್ಟರಿನಾಗ ನಂದೂ ಒಂದಿತ್ತಲ್ಲೋ" ಅಂದು ಮನಿ ಕಡೆ ಕೈ ಮಾಡಿದ. ಅಜ್ಜಿ ಮನಿ ಕೆಡವಿ ಹಾಕಿದ ಆರ್‌ಸಿಸಿ, ರಾತ್ರಿ ಅದರ ಮ್ಯಾಲೆ ಹಾಸಿಗಿ ಹಾಕ್ಕೊಂಡು ಮಲಗಿದ್ವಿ.