ಬಳ್ಳಾರಿಯಿಂದ ಡಿಸ್ನಿ ವರ್ಲ್ಡ್‌ಗೆ: ನಾವು ಅಂದುಕೊಂಡಿದ್ದು, ಅಲ್ಲಿ ಇದ್ದದ್ದು

ಅಮೆರಿಕದಿಂದ ವಾಪಸ್ ಬಂದ ಮೇಲೆ ನಮ್ಮ ಗಾಂಧಿನಗರದಲ್ಲಿ ಜನ ನನ್ನನ್ನು ಜಾಸ್ತಿ ಕೇಳಿದ್ದು ಒಂದೇ ಪ್ರಶ್ನೆ. "ಡಿಸ್ನಿ ನೋಡೋಕೆ ಒಂದು ದಿನ ಸಾಕಾಗುತ್ತಾ?" ಹೋಗುವ ಮುಂಚೆ ನಾನೂ ಮಗಳನ್ನು ಇದನ್ನೇ ಕೇಳಿದ್ದೆ. ಮಗಳು, ಅಳಿಯ ಇರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು ಅಂತ ನನ್ನ ಲೆಕ್ಕ. ಮಗಳು, "ಅಮ್ಮಾ, ಅದು ಪಾರ್ಕ್ ಅಲ್ಲ, ಒಂದು ಊರು" ಅಂದಳು. ಸುಮ್ನೆ ಹೇಳುತ್ತಿದ್ದಾಳೆ ಅಂದುಕೊಂಡೆ. ಹೋಗಿ ನೋಡಿದಾಗ ಗೊತ್ತಾಯಿತು, ಅವಳು ಹೇಳಿದ್ದು ಅಕ್ಷರಶಃ ನಿಜ.

ಸುಮಾರು ನೂರು ಚದರ ಕಿಲೋಮೀಟರ್ ಜಾಗ ಅದು. ಅದರೊಳಗೆ ನಾಲ್ಕು ದೊಡ್ಡ ಪಾರ್ಕ್‌ಗಳು. ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ಶುರುವಾಯಿತು, ಎಪ್ಕಾಟ್ 1982ರಲ್ಲಿ, ಹಾಲಿವುಡ್ ಸ್ಟುಡಿಯೋಸ್ 1989ರಲ್ಲಿ, ಅನಿಮಲ್ ಕಿಂಗ್‌ಡಮ್ 1998ರಲ್ಲಿ. ಇವುಗಳ ಜೊತೆ ನೀರಾಟದ ಪಾರ್ಕ್ ಎರಡು, ಇಪ್ಪತ್ತಕ್ಕೂ ಹೆಚ್ಚು ಹೋಟೆಲ್, ಅಂಗಡಿ ಸಾಲು, ಕೆರೆಗಳು, ಕಾಡು. ಒಂದು ಪಾರ್ಕ್‌ನಿಂದ ಇನ್ನೊಂದಕ್ಕೆ ಹೋಗಲು ಬಸ್ಸೋ ಕಾರೋ ಬೇಕು. ಹಂಪಿಗೆ ಬಂದ ನೆಂಟರು ವಿರೂಪಾಕ್ಷ ಗುಡಿ ಒಂದನ್ನೇ ನೋಡಿ "ಹಂಪಿ ಆಯ್ತಲ್ಲ, ಹೊರಡೋಣ" ಅಂದರೆ ನಮಗೆ ಹೇಗನಿಸುತ್ತದೆ? ವಿಠ್ಠಲ ಗುಡಿ ಎಲ್ಲೋ ಇದೆ, ಕಮಲ ಮಹಲ್ ಇನ್ನೆಲ್ಲೋ ಇದೆ, ಹೊಳೆ ದಾಟಿದರೆ ಆನೆಗೊಂದಿ. ಅದೂ ಹಾಗೇ ಹರಡಿಕೊಂಡಿರುವ ಜಾಗ. ಒಂದು ದಿನದಲ್ಲಿ ಒಂದು ಪಾರ್ಕ್ ಮುಗಿದರೆ ದೊಡ್ಡದು. ನಾವು ಮೂರು ದಿನದಲ್ಲಿ ಮೂರು ನೋಡಿದೆವು. ಹಾಲಿವುಡ್ ಸ್ಟುಡಿಯೋಸ್ ಬಿಟ್ಟೆವು. ಬಿಟ್ಟಿದ್ದಕ್ಕೆ ಬೇಜಾರಿಲ್ಲ.

ಹೆಸರಿನ ಗೊಂದಲವನ್ನು ಮೊದಲೇ ಸರಿ ಮಾಡಿಕೊಳ್ಳಿ. ಡಿಸ್ನಿಲ್ಯಾಂಡ್ ಬೇರೆ, ಡಿಸ್ನಿ ವರ್ಲ್ಡ್ ಬೇರೆ. ಡಿಸ್ನಿಲ್ಯಾಂಡ್ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಅಮೆರಿಕದ ಪಶ್ಚಿಮದ ಅಂಚು. ಡಿಸ್ನಿ ವರ್ಲ್ಡ್ ಇರುವುದು ಫ್ಲೋರಿಡಾದ ಒರ್ಲ್ಯಾಂಡೊ ಊರಿನ ಹತ್ತಿರ, ಪೂರ್ವದ ಅಂಚು. ಇನ್ನೊಂದು, ಹ್ಯಾರಿ ಪಾಟರ್ ಇರುವುದು ಯೂನಿವರ್ಸಲ್ ಅನ್ನುವ ಪಾರ್ಕ್‌ನಲ್ಲಿ. ಅದೂ ಒರ್ಲ್ಯಾಂಡೊ ಕಡೆಯೇ ಇದ್ದರೂ ಕಂಪನಿ ಬೇರೆ, ಟಿಕೆಟ್ ಬೇರೆ, ಜಾಗ ಬೇರೆ. ಏಳು ವರ್ಷದ ಮೊಮ್ಮಗ ಕಾರಿನಲ್ಲಿ ದಾರಿ ಪೂರ್ತಿ ಮಂತ್ರದಂಡ ಹಿಡಿದು ಕೂತಿದ್ದ. ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ಮುಖ ನೆನೆಸಿಕೊಂಡರೆ ಈಗಲೂ ಪಾಪ ಅನಿಸುತ್ತದೆ.

ಟಿಕೆಟ್ ವಿಚಾರ. ಗೇಟಿನ ಹತ್ತಿರ ಹೋಗಿ ತಗೊಂಡರಾಯಿತು ಅಂತ ಇರಬೇಡಿ. ತಾರೀಕು ನೋಡಿ ಮುಂಚೆಯೇ ತಗೊಳ್ಳಬೇಕು. ಬೆಲೆಯೂ ತಾರೀಕಿನ ಮೇಲೆ ಬದಲಾಗುತ್ತದೆ. ರಜೆ ದಿನ ಜಾಸ್ತಿ, ಶಾಲೆ ನಡೆಯುವ ದಿನ ಕಡಿಮೆ. ಕಡಿಮೆ ಅಂದರೂ ದೊಡ್ಡವರಿಗೆ ಒಂದು ದಿನಕ್ಕೆ ನೂರು ಡಾಲರ್ ದಾಟುತ್ತದೆ. ಹೆಚ್ಚು ದಿನದ ಟಿಕೆಟ್ ಒಟ್ಟಿಗೆ ತಗೊಂಡರೆ ದಿನದ ಲೆಕ್ಕದಲ್ಲಿ ಇಳಿಯುತ್ತದೆ. ವಯಸ್ಸಾದವರಿಗೆ ರಿಯಾಯಿತಿ ಇಲ್ಲ. ಮೂರು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಮ್ಮ ಮೊಮ್ಮಗಳಿಗೆ ಎರಡೂವರೆ, ಹಾಗಾಗಿ ಒಂದು ಟಿಕೆಟ್ ಉಳಿಯಿತು. ಹತ್ತು ವರ್ಷ ತುಂಬಿದ ಮಕ್ಕಳಿಗೆ ದೊಡ್ಡವರ ದರವೇ. ಪರಿಚಯದವರೊಬ್ಬರು "ನಮ್ಮ ಟಿಕೆಟ್‌ನಲ್ಲಿ ಎರಡು ದಿನ ಉಳಿದಿದೆ, ನೀವು ಬಳಸಿ" ಅಂದಿದ್ದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಗೇಟಿನಲ್ಲಿ ಬೆರಳು ಇಡಿಸಿಕೊಂಡು ಟಿಕೆಟ್‌ಗೆ ಜೋಡಿಸುತ್ತಾರೆ. ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ನಡೆಯುವುದಿಲ್ಲ. ಮೊದಲ ದಿನ ಯಾವ ಬೆರಳು ಇಟ್ಟಿರೋ ಮರುದಿನವೂ ಅದನ್ನೇ ಇಡಿ.

ಎರಡು ರಾತ್ರಿ ಡಿಸ್ನಿಯವರದೇ ಹೋಟೆಲ್‌ನಲ್ಲಿ ಇದ್ದೆವು. ರೂಮ್ ತಗೊಂಡರೆ ಪಾರ್ಕ್ ಟಿಕೆಟ್ ಅದರಲ್ಲೇ ಬರುತ್ತದೆ ಅಂತ ನಾನು ನಂಬಿದ್ದೆ. ಬರುವುದಿಲ್ಲ. ಪಾರ್ಕ್ ಪಕ್ಕದಲ್ಲೇ ಇರುತ್ತದೆ ಅಂದುಕೊಂಡಿದ್ದೂ ತಪ್ಪು. ಬಸ್ಸಿಗೆ ಕಾಯುವುದು ಸೇರಿ ಅರ್ಧ ಗಂಟೆ ಬೇಕು. ಲಾಭ ಏನಂದರೆ ಬಸ್ಸಿಗೆ ದುಡ್ಡಿಲ್ಲ, ಮತ್ತೆ ಆ ಹೋಟೆಲ್‌ನಲ್ಲಿ ಇರುವವರನ್ನು ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಪಾರ್ಕ್ ಒಳಗೆ ಬಿಡುತ್ತಾರೆ. ಆ ಅರ್ಧ ಗಂಟೆ ಬಂಗಾರ. ಎರಡು ರೈಡ್ ಕ್ಯೂ ಇಲ್ಲದೆ ಮುಗಿಯುತ್ತವೆ.

ಈಗ ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತಲುಪುವ ಕಥೆ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಮೊದಲ ದಿನ ಟ್ಯಾಂಪಾದಿಂದ ಕಾರಿನಲ್ಲೇ ಹೋದೆವು. ಕಾರು ನಿಲ್ಲಿಸಿದ ಜಾಗದಲ್ಲಿ ಪಾರ್ಕ್ ಇಲ್ಲ! ಮಧ್ಯೆ ದೊಡ್ಡ ಕೆರೆ. ಆಚೆ ದಡದಲ್ಲಿ ಕೋಟೆಯ ಗೋಪುರ ಚಿಕ್ಕದಾಗಿ ಕಾಣುತ್ತದೆ. ದೋಣಿ ಹತ್ತಬೇಕು, ಇಲ್ಲಾ ಒಂದೇ ಹಳಿಯ ಮೇಲೆ ಓಡುವ ಮಾನೊರೈಲ್ ಹತ್ತಬೇಕು. ಬ್ಯಾಗ್ ತಪಾಸಣೆ ಬೇರೆ. ಕಾರು ನಿಲ್ಲಿಸಿ ಒಳಗೆ ಕಾಲಿಡುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಪಾರ್ಕ್ ಒಂಬತ್ತಕ್ಕೆ ತೆಗೆಯುತ್ತದೆ ಅಂದರೆ ಎಂಟಕ್ಕೆ ಕಾರು ಅಲ್ಲಿರಬೇಕು. ಕಾರು ನಿಲ್ಲಿಸಿದ ಸಾಲಿನ ಫೋಟೋ ತಪ್ಪದೆ ತೆಗೆದುಕೊಳ್ಳಿ. ರಾತ್ರಿ ಸಾವಿರಾರು ಕಾರಿನ ಮಧ್ಯೆ, ನಿದ್ದೆ ಬಂದ ಮಗು ಹೆಗಲ ಮೇಲೆ ಇರುವಾಗ, ಆ ಒಂದು ಫೋಟೋ ನಮ್ಮನ್ನು ಕಾಪಾಡಿತು. ಪಾರ್ಕಿಂಗ್ ದುಡ್ಡು ಒಮ್ಮೆ ಕೊಟ್ಟರೆ ಅದೇ ದಿನ ಬೇರೆ ಪಾರ್ಕ್‌ನಲ್ಲೂ ನಡೆಯುತ್ತದೆ.

ಬಿಸಿಲಿನ ಬಗ್ಗೆ ನಮ್ಮ ಬಳ್ಳಾರಿಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮೂರಿನಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಮಾತಿದೆ ಅಲ್ವಾ? ನಲವತ್ತೆರಡು ಡಿಗ್ರಿ ಕಂಡವರಿಗೆ ಅಲ್ಲಿನ ಮೂವತ್ತಮೂರು ಏನು ಮಾಡೀತು ಅಂತ ನಮ್ಮ ಯಜಮಾನರು ಟೋಪಿಯನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದರು. ನಮ್ಮದು ಒಣ ಬಿಸಿಲು. ನೆರಳಿಗೆ ಬಂದರೆ ತಂಪಾಗುತ್ತದೆ. ಜೂನ್ ತಿಂಗಳ ಫ್ಲೋರಿಡಾದಲ್ಲಿ ನೆರಳಿಗೆ ಬಂದರೂ ಬೆವರು ಆರುವುದಿಲ್ಲ. ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಹನ್ನೊಂದು ಗಂಟೆಗೇ ಅವರಿಗೆ ತಲೆ ಸುತ್ತಿ ಬಂತು. ಕೂರಿಸಿ ನೀರು ಕುಡಿಸಿ ಅರ್ಧ ಗಂಟೆ ಏಸಿ ಇರುವ ಜಾಗದಲ್ಲಿ ಇದ್ದ ಮೇಲೆ ಸರಿಹೋದರು. ನನಗೆ ಆವತ್ತು ನಿಜವಾಗಿ ಭಯ ಆಗಿತ್ತು. ಬಿಪಿ, ಶುಗರ್ ಇರುವವರು ದಯವಿಟ್ಟು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಓಡಾಡಬೇಡಿ. ತಿಂಡಿ ಮಾರುವ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರನ್ನು ಸುಮ್ನೆ ಕೊಡುತ್ತಾರೆ, ದುಡ್ಡಿಲ್ಲ. ಬಾಟಲಿ ನೀರು ಕೊಂಡು ಡಾಲರ್ ಕಳೆಯಬೇಡಿ.

ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ. ಬೇಸಿಗೆಯಲ್ಲಿ ಅಲ್ಲಿ ಹೆಚ್ಚುಕಡಿಮೆ ದಿನಾ ಗುಡುಗು ಮಳೆ ಬರುತ್ತದೆ. ಗುಡುಗಿದರೆ ಹೊರಗಿನ ರೈಡ್ ಎಲ್ಲಾ ನಿಲ್ಲಿಸುತ್ತಾರೆ. ತುಂಬ ಜನ ಆಗ ಕಾರಿನ ಕಡೆ ಓಡುತ್ತಾರೆ. ನೀವು ಓಡಬೇಡಿ. ಮಳೆ ನಿಂತ ಮೇಲೆ ಕ್ಯೂ ಚಿಕ್ಕದಾಗಿರುತ್ತದೆ. ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಇಲ್ಲಿಂದಲೇ ಒಯ್ಯಿರಿ.

ನಾವು ಮಳೆಗೆ ಸಿಕ್ಕಿ ಒಳಗೆ ಹೋಗಿ ಕೂತದ್ದು ಕರೂಸೆಲ್ ಆಫ್ ಪ್ರೋಗ್ರೆಸ್ ಅನ್ನುವ ನಾಟಕಶಾಲೆಯಲ್ಲಿ. 1964ರ ನ್ಯೂಯಾರ್ಕ್ ವಸ್ತುಪ್ರದರ್ಶನಕ್ಕೆ ಮಾಡಿದ ಆಟ ಅದು. ವೇದಿಕೆ ನಿಂತಲ್ಲೇ ಇರುತ್ತದೆ, ಪ್ರೇಕ್ಷಕರು ಕೂತ ಜಾಗವೇ ಸುತ್ತುತ್ತದೆ. ಒಂದು ಮನೆಗೆ ಕರೆಂಟು, ಫ್ರಿಜ್ಜು, ಟಿವಿ ಒಂದೊಂದಾಗಿ ಬರುವ ಕಥೆ. ನನ್ನ ಅತ್ತೆ ಮನೆಗೆ ಮೊದಲ ಮಿಕ್ಸಿ ಬಂದ ದಿನ ನೆನಪಾಯಿತು. ಮೊಮ್ಮಗ ನಿದ್ದೆ ಮಾಡಿದ. ನಾವಿಬ್ಬರೂ ಕಣ್ಣು ತುಂಬಿಕೊಂಡು ನೋಡಿದೆವು.

ಕ್ಯೂ ವಿಚಾರದಲ್ಲಿ ನಮ್ಮವರಿಗೆ ಎರಡು ತಪ್ಪು ಕಲ್ಪನೆ ಇದೆ. ಏರ್‌ಪೋರ್ಟ್‌ನಲ್ಲಿ ವೀಲ್‌ಚೇರ್ ತಗೊಂಡರೆ ಬೇಗ ಬಿಡುತ್ತಾರಲ್ಲ, ಇಲ್ಲೂ ಹಾಗೆ ಅನ್ನುವುದು ಒಂದು. ಇಲ್ಲ. ಅಲ್ಲಿ ಹೆಚ್ಚಿನ ಕ್ಯೂಗಳು ವೀಲ್‌ಚೇರ್ ಹೋಗುವಷ್ಟು ಅಗಲವಾಗಿವೆ, ಎಲ್ಲರ ಜೊತೆಯೇ ಕಾಯಬೇಕು. ಆದರೂ ಮಂಡಿನೋವು ಇದ್ದರೆ ವೀಲ್‌ಚೇರ್ ಬಾಡಿಗೆಗೆ ತಗೊಳ್ಳಿ, ಸಂಕೋಚ ಬೇಡ. ಮೊದಲ ದಿನ ನಮ್ಮ ಯಜಮಾನರ ಫೋನು 19,000 ಹೆಜ್ಜೆ ತೋರಿಸಿತ್ತು. ಎರಡನೇ ದಿನ ಅಳಿಯ ಮಾತಾಡದೆ ವೀಲ್‌ಚೇರ್ ತಂದು ನಿಲ್ಲಿಸಿದ. ಎರಡನೇ ಕಲ್ಪನೆ, ಟಿಕೆಟ್ ಇದ್ದರೆ ಎಲ್ಲ ರೈಡ್ ಬೇಗ ಸಿಗುತ್ತದೆ ಅನ್ನುವುದು. ಬೇಗ ಹೋಗುವ ಸಾಲಿಗೆ ಲೈಟ್ನಿಂಗ್ ಲೇನ್ ಅಂತ ಹೆಸರು, ಅದಕ್ಕೆ ಬೇರೆ ದುಡ್ಡು, ಫೋನಿನ ಆ್ಯಪ್‌ನಲ್ಲೇ ಕೊಳ್ಳಬೇಕು. ಡಿಸ್ನಿ ಹೋಟೆಲ್‌ನಲ್ಲಿ ಇರುವವರು 7 ದಿನ ಮುಂಚೆ, ಉಳಿದವರು 3 ದಿನ ಮುಂಚೆ ಕೊಳ್ಳಬಹುದು. ನನ್ನ ಪ್ರಕಾರ ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ತಗೊಂಡರೆ ಸಾಕು. ಊಟ ಹೇಳಲೂ ಅದೇ ಆ್ಯಪ್, ದಾರಿ ನೋಡಲೂ ಅದೇ. ಪವರ್ ಬ್ಯಾಂಕ್ ಇಲ್ಲದೆ ಹೋಗಬೇಡಿ.

ಊಟದ ಚಿಂತೆ ನನಗೆ ತುಂಬ ಇತ್ತು. ಹೊರಗಿನ ತಿನಿಸು ಬಿಡುವುದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಬಿಡುತ್ತಾರೆ. ಗಾಜಿನ ಬಾಟಲಿ, ಮದ್ಯ ಬೇಡ, ಬಿಸಿ ಮಾಡಬೇಕಾದ್ದು ಬೇಡ, ಅಷ್ಟೇ. ನಾನು ಊರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ದಿದ್ದೆ. ಮಗಳು ಮೊಸರಿನ ಡಬ್ಬಿ ಐಸ್ ಪ್ಯಾಕ್ ಜೊತೆ ಇಟ್ಟುಕೊಂಡಳು. ಸಿಂಡ್ರೆಲಾ ಕೋಟೆಯ ಎದುರು ಮರದ ಕೆಳಗೆ ಕೂತು ರೊಟ್ಟಿ ಮುರಿದು ತಿಂದದ್ದು ನನ್ನ ಇಡೀ ಪ್ರವಾಸದ ಒಳ್ಳೆ ಊಟ. ಅಲ್ಲಿ ಸಸ್ಯಾಹಾರ ಸಿಗುವುದಿಲ್ಲ ಅನ್ನುವುದೂ ಸುಳ್ಳು. ಕೇಳಿದರೆ ತಾಳ್ಮೆಯಿಂದ ಹೇಳುತ್ತಾರೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿಯವರ ಹೋಟೆಲ್‌ನಲ್ಲಿ ಸನಾ ಅನ್ನುವ ಊಟದ ಜಾಗ ಇದೆ, ನಾನ್ ಜೊತೆ ಬಗೆಬಗೆಯ ಚಟ್ನಿ ಕೊಡುತ್ತಾರೆ. ಕಿಟಕಿಯ ಆಚೆ ಜೀಬ್ರಾ ಮೇಯುತ್ತಿರುತ್ತವೆ. ಟೇಬಲ್ ಮುಂಚೆಯೇ ಬುಕ್ ಮಾಡಿ.

ಅಂದ ಹಾಗೆ ಆ ಕೋಟೆಯ ವಿಷಯ. ಮೈಸೂರು ಅರಮನೆ ತರಹ ಒಳಗೆ ಕೋಣೆ ಕೋಣೆ ಸುತ್ತಿ ನೋಡಬಹುದು ಅಂದುಕೊಂಡಿದ್ದೆ. ಒಳಗೆ ನೋಡಲು ಒಂದು ದಾರಿ, ಅದರ ಗೋಡೆಯ ಮೇಲೆ ಚಿತ್ರಗಳು, ಮೇಲೆ ಊಟದ ಜಾಗ, ಅಷ್ಟೇ. ಹೊರಗಿನಿಂದ ನೋಡುವುದೇ ಚೆಂದ, ಅದರಲ್ಲೂ ರಾತ್ರಿ ಬಾಣಬಿರುಸು ಹಾರಿಸುವಾಗ.

ವಯಸ್ಸಾದವರಿಗೆ ಅಲ್ಲಿ ಏನೂ ಇಲ್ಲ, ಅದು ಮಕ್ಕಳ ಜಾಗ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಯಜಮಾನರದು ಸಿರುಗುಪ್ಪ ಕಡೆ ಭತ್ತ ಬೆಳೆಯುವ ಮನೆತನ. ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದಿ ಲ್ಯಾಂಡ್ ಅಂತ ಒಂದು ದೋಣಿ ಸವಾರಿ ಇದೆ. ದೋಣಿ ನಿಧಾನವಾಗಿ ಗಾಜಿನ ಮನೆಗಳ ಒಳಗೆ ಹೋಗುತ್ತದೆ. ಮಣ್ಣೇ ಇಲ್ಲದೆ ಬೆಳೆ. ಬೇರು ಗಾಳಿಯಲ್ಲಿ ನೇತಾಡುತ್ತಿದೆ, ಅದಕ್ಕೆ ನೀರು ಚಿಮುಕಿಸುತ್ತಾರೆ. ಕುಂಬಳಕಾಯಿ ತಲೆಯ ಮೇಲೆ ತೂಗುತ್ತಿರುತ್ತವೆ. ಅಲ್ಲಿ ಬೆಳೆದ ತರಕಾರಿ ಅಲ್ಲಿನ ಹೋಟೆಲ್‌ಗಳಿಗೇ ಹೋಗುತ್ತದೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ವರ್ಷವಿಡೀ ಕಾಯುವ ಮನೆಯಿಂದ ಬಂದವರು ಅವರು. ಇಳಿದವರೇ ಏನೂ ಮಾತಾಡಲಿಲ್ಲ. ಮತ್ತೆ ಕ್ಯೂನಲ್ಲಿ ಹೋಗಿ ನಿಂತರು. ಎರಡನೇ ಸಲ ಸಣ್ಣ ಪುಸ್ತಕದಲ್ಲಿ ಏನೇನೋ ಬರೆದುಕೊಂಡರು.

ಅದೇ ಪಾರ್ಕ್‌ನಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಬೀದಿಗಳಿವೆ. ನಮ್ಮ ದೇಶ ಅದರಲ್ಲಿಲ್ಲ. ಒಂದು ಸುತ್ತು ಸುಮಾರು ಎರಡು ಕಿಲೋಮೀಟರ್, ಸಂಜೆ ಹೋಗಿ.

ಭಾರತದ ನೆನಪು ಬರುವುದು ಅನಿಮಲ್ ಕಿಂಗ್‌ಡಮ್‌ನಲ್ಲಿ. ಅಲ್ಲಿ ಆನಂದಪುರ ಅಂತ ಕಲ್ಪನೆಯ ಊರು ಕಟ್ಟಿದ್ದಾರೆ. ಪಾಳುಬಿದ್ದ ಅರಮನೆ, ಬಣ್ಣ ಮಾಸಿದ ಗೋಡೆ, ಬಿರುಕು ಬಿಟ್ಟ ಕಮಾನು, ಅದರ ಮಧ್ಯೆ ನಿಜವಾದ ಹುಲಿಗಳು. ಹಂಪಿ ಪಕ್ಕದಲ್ಲೇ ಇರುವ ನಮಗೆ ಇದೇನು ಹೊಸದು ಅಂತ ದಾಟಿ ಹೋಗಬೇಡಿ. ಹಳೆಯದಾಗಿ ಕಾಣುವಂತೆ ಹೊಸದಾಗಿ ಕಟ್ಟುವುದು ಎಷ್ಟು ಕಷ್ಟ ಅಂತ ಹಂಪಿ ಕಲ್ಲನ್ನು ಮುಟ್ಟಿ ಬೆಳೆದವರಿಗೇ ಚೆನ್ನಾಗಿ ಗೊತ್ತಾಗುತ್ತದೆ. ಸಫಾರಿ ಲಾರಿಗೆ ಮಾತ್ರ ಬೆಳಿಗ್ಗೆ ಮೊದಲು ಹೋಗಿ. ದರೋಜಿಯಲ್ಲಿ ಕರಡಿ ನೋಡಲು ನಾವು ಸಂಜೆ ಹೋಗಿ ಕಾಯುತ್ತೇವೆ. ಡಿಸ್ನಿಯಲ್ಲಿ ಬಿಸಿಲೇರಿದರೆ ಪ್ರಾಣಿಗಳು ನೆರಳು ಹುಡುಕಿಕೊಂಡು ಮಲಗಿಬಿಡುತ್ತವೆ.

ಪಕ್ಕದ ಮನೆಯವರು ಡಿಸೆಂಬರ್‌ನಲ್ಲಿ ಮಗನ ಹತ್ತಿರ ಹೊರಟಿದ್ದಾರೆ. ಕ್ರಿಸ್‌ಮಸ್ ವಾರ ಬೇಡ, ವರ್ಷದಲ್ಲೇ ಜಾಸ್ತಿ ಜನ ಇರುವ ದಿನಗಳವು, ತಿಂಗಳ ಮೊದಲ ವಾರದಲ್ಲೇ ಮುಗಿಸಿ ಅಂತ ಹೇಳಿದ್ದೇನೆ. ಹೊಸ ಶೂ ಅಲ್ಲಿ ಹೋಗಿ ಹಾಕಿದರೆ ಕಾಲು ಬೊಬ್ಬೆ ಬರುತ್ತದೆ, ಈಗಿನಿಂದಲೇ ಹಾಕಿ ಅಂತಲೂ ಹೇಳಿದೆ. ಮೊನ್ನೆಯಿಂದ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಆರಕ್ಕೆ ಕೋಟೆ ಗುಡ್ಡದ ಕಡೆ ನಡೆಯುತ್ತಿದ್ದಾರೆ. ಖಡಕ್ ರೊಟ್ಟಿ ಎಷ್ಟು ಒಯ್ಯಬೇಕು ಅಂತ ನಿನ್ನೆ ಕೇಳಿದರು. ಒಬ್ಬರಿಗೆ ದಿನಕ್ಕೆ ಮೂರರಂತೆ ಲೆಕ್ಕ ಹಾಕಿ ಅಂದೆ.